ತಿರುಗಿ ಹೇಳುವ ಗುಂಪು

ಫೋನ್ ಬಂದಾಗ ನಾನು ಕೊಚ್ಚಿಯ ಕಾಕ್ಕನಾಡಿನ ಆಫೀಸಿನ ಕ್ಯಾಂಟೀನಿನಲ್ಲಿ ಮೀನಿನ ಸಾರಿಗೆ ಅನ್ನ ಕಲಸುತ್ತಿದ್ದೆ. ಊಟದ ನಡುವೆ ಫೋನ್ ಮಾಡುವವರನ್ನು ಕಂಡರೆ ನನಗೆ ಆಗುವುದಿಲ್ಲ. ಬೈಯೋಣವೆಂದೇ ಎಡಗೈಯಲ್ಲಿ ಎತ್ತಿದೆ. ಆ ಕಡೆಯಿಂದ ಬಿಕ್ಕುವ ಸದ್ದು. ತಿರುವನಂತಪುರದಲ್ಲಿ ಎಂಸಿಎ ಓದುತ್ತಿದ್ದ ಗದಗದ ಕಡೆಯ ಹುಡುಗಿ. ಅಳುವ ಪೈಕಿಯೇ ಅಲ್ಲ ಅವಳು, ಜಗಳಕ್ಕೆ ಬಾ ಅಂದರೆ ಸೆರಗು ಕಟ್ಟಿ ನಿಲ್ಲುವವಳು.

“ಅಕ್ಕಾರ, ನಾ ಪರೀಕ್ಷಾದಾಗ ಕಾಪಿ ಹೊಡದೀನಂತ್ರಿ.”

“ಯಾರು ಹೇಳಿದ್ದು ಹಾಗೆ?”

“ನೋಟಿಸ್ ಬಂದೈತ್ರಿ. ವಿಚಾರಣಿಗೆ ಬಾ ಅಂತ. ಕೊಚ್ಚಿ ಒಳಗಿನ ನಮ್ಮ ಮಂಡ್ಯದಾವಗೂ ಬಂದೈತಂತ. ನಾ ಹೊಡದಿಲ್ರಿ ಅಕ್ಕಾರ, ದೇವರಾಣಿ ಹೊಡದಿಲ್ಲ.”

ಕಲಸಿದ ಅನ್ನ ಹಾಗೇ ಬಿಟ್ಟು ಎದ್ದೆ. ಕೈ ತೊಳೆಯುವಲ್ಲಿ ನಿಂತು ಒಂದೊಂದೇ ಕೇಳಿ ತಿಳಿದುಕೊಂಡೆ. ಒಂದು ಪ್ರಶ್ನೆಗೆ ಅವಳು ಬರೆದ ಉತ್ತರವೂ ಕೊಚ್ಚಿಯ ಕಾಲೇಜೊಂದರಲ್ಲಿ ಅದೇ ಎಂಸಿಎ ಓದುವ ಮಂಡ್ಯದ ಹುಡುಗ ಬರೆದ ಉತ್ತರವೂ ಒಂದೇ ಆಗಿದ್ದವು. ಅದೇ ಉದಾಹರಣೆ, ಅದೇ ಸರದಿ, ಕೊನೆಯ ಇಂಗ್ಲಿಷ್ ವಾಕ್ಯ ಕೂಡ ಅದೇ. ಇಬ್ಬರೂ ಬೇರೆ ಬೇರೆ ಊರಲ್ಲಿ ಒಂದೇ ಹೊತ್ತಿಗೆ ಕೂತು ಬರೆದ ಪರೀಕ್ಷೆ. ಹಾಗಾಗಿ ಹಾಲಿನೊಳಗೆ ಫೋನ್ ಇತ್ತು ಎಂಬುದು ವಿಶ್ವವಿದ್ಯಾಲಯದವರ ಅನುಮಾನ. ಅದು ನಿಜವೆಂದು ತೀರ್ಮಾನವಾದರೆ ಆ ಸೆಮಿಸ್ಟರಿನ ಎಲ್ಲ ಪೇಪರು ರದ್ದು, ಮುಂದಿನ ವರ್ಷವೂ ಪರೀಕ್ಷೆಗೆ ಕೂರುವಂತಿಲ್ಲ.

“ಮಾವಂಗೆ ಹೇಳಿದಿಯಾ?” ಎಂದೆ. ಅವಳ ಸೋದರಮಾವ ವಿಳಿಂಜಂ ಬಂದರಿನಲ್ಲಿ ಕ್ರೇನ್ ನಡೆಸುತ್ತಿದ್ದರು. ಅವಳನ್ನು ಕರೆತಂದು ಸೀಟು ಕೊಡಿಸಿದವರೇ ಅವರು.

“ಹೆಂಗ್ ಹೇಳ್ಲಿರಿ? ಫೇಲಾದ್ರ ಹೇಳಬೌದು, ಮತ್ತ ಬರೀತೀನಿ ಅಂತ. ಕಳ್ಳಿ ಆಗೀನಿ ಅಂತ ಹೆಂಗ್ ಹೇಳ್ಲಿ?”

ಆ ಉತ್ತರ ಹೇಗೆ ಹುಟ್ಟಿತೆಂದು ನನಗೆ ಗೊತ್ತಿತ್ತು.

ನಾನು ಕಾಸರಗೋಡಿನವಳು. ಹತ್ತನೆಯವರೆಗೆ ಕನ್ನಡದಲ್ಲೇ ಓದಿ, ಆಮೇಲೆ ಇಂಜಿನಿಯರಿಂಗ್‌ಗೆ ಅಂತ ತಿರುವನಂತಪುರಕ್ಕೆ ಹೋಗಿ ಶ್ರೀಕಾರ್ಯಂನಲ್ಲಿ ಒಂದು ಕೋಣೆ ಹಿಡಿದು ಕೂತವಳು. ಮೊದಲ ವರ್ಷ ಬೋರ್ಡಿನ ಮೇಲೆ ಬರೆದದ್ದನ್ನೆಲ್ಲ ಚಂದಕ್ಕೆ ಇಳಿಸಿಕೊಳ್ಳುತ್ತಿದ್ದೆ, ತಲೆಗೆ ಮಾತ್ರ ಒಂದಕ್ಷರ ಹೋಗುತ್ತಿರಲಿಲ್ಲ. ಕೇಳೋಣವೆಂದರೆ ಇಂಗ್ಲಿಷಿನಲ್ಲಿ ನಾಚಿಕೆ, ಮಲಯಾಳದಲ್ಲಿ ಅರ್ಧಂಬರ್ಧ. ಆ ಸಂಕಟ ಉಂಡವಳಾದ್ದರಿಂದ, ಕೊಚ್ಚಿಯಲ್ಲಿ ಕೆಲಸಕ್ಕೆ ಸೇರಿದ ಮೇಲೆ ಟೆಲಿಗ್ರಾಂನಲ್ಲಿ ಒಂದು ಗುಂಪು ಮಾಡಿದೆ. ಶುರುವಾದದ್ದು ಪಿಜಿ ಎಲ್ಲಿ ಸಿಗುತ್ತದೆ, ಕುಚಲಕ್ಕಿ ಅಲ್ಲದ ಅನ್ನ ಯಾವ ಹೋಟೆಲಿನಲ್ಲಿ ಸಿಗುತ್ತದೆ ಎಂಬ ಮಾತಿನಿಂದ. ಬರಬರುತ್ತ ಪಾಠಗಳೂ ಬಂದವು. ಎರಡೂ ಊರುಗಳಲ್ಲಿ ಓದುವ ಕನ್ನಡದ ಮಕ್ಕಳು ಒಬ್ಬರಿಂದೊಬ್ಬರು ಕೇಳಿ ಕೇಳಿ ಸೇರಿಕೊಂಡರು.

ನಮ್ಮಲ್ಲಿ ಇದ್ದದ್ದು ಒಂದೇ ಕಟ್ಟಳೆ. ಯಾರು ಪ್ರಶ್ನೆ ಕೇಳುತ್ತಾರೋ ಅವರು ಅರ್ಥವಾದ ಮೇಲೆ ಅದನ್ನು ತಮ್ಮ ಮಾತಿನಲ್ಲಿ, ತಮ್ಮ ದನಿಯಲ್ಲಿ ರೆಕಾರ್ಡ್ ಮಾಡಿ ತಿರುಗಿ ಹೇಳಬೇಕು. “ಥ್ಯಾಂಕ್ಸ್ ಅಕ್ಕ” ಎಂದು ಜಾರಿಕೊಳ್ಳುವ ಹಾಗಿಲ್ಲ. ತಿರುಗಿ ಹೇಳಿದ್ದು ಗುಂಪಿನಲ್ಲಿ ಇರುತ್ತಿತ್ತು, ಮುಂದೆ ಕೇಳುವವರಿಗೆ ಅದೇ ಪಾಠ. ಇಲ್ಲಿ ಮೇಷ್ಟ್ರೂ ಇಲ್ಲ, ಶಿಷ್ಯರೂ ಇಲ್ಲ ಎಂದು ತೋರಿಸುವುದಕ್ಕಾಗಿ ನಾನು ಎಲ್ಲರನ್ನೂ ಅಡ್ಮಿನ್ ಮಾಡಿದ್ದೆ. ಅದರ ಬಗ್ಗೆ ನನಗೆ ಭಾರಿ ಹೆಮ್ಮೆ ಇತ್ತು.

ಆ ಉತ್ತರದ ಕಥೆಯೂ ಹಾಗೆಯೇ. ಡೆಡ್‌ಲಾಕ್ ಎಂದರೆ, ಕಂಪ್ಯೂಟರಿನೊಳಗೆ ಎರಡು ಕೆಲಸಗಳು ಒಂದರ ಕೈಯಲ್ಲಿರುವುದಕ್ಕೆ ಇನ್ನೊಂದು ಕಾಯುತ್ತ, ಎರಡೂ ನಿಂತುಬಿಡುವುದು. ಗದಗದ ಹುಡುಗಿಗೆ ಅದು ಎಷ್ಟು ಹೇಳಿದರೂ ತಲೆಗೆ ಹತ್ತಲಿಲ್ಲ. ನನಗೆ ಸಿಟ್ಟು ಬಂದು, “ನಾಳೆ ನೋಡುವ, ಇವತ್ತು ಹೋಗಿ ಮಲಗು ಮಾರಾಯ್ತಿ” ಎಂದೆ. ಮರುದಿನ ಅವಳು ಹಾಸಿಗೆ ಹೊದಿಕೆ ತರಲೆಂದು ಚಾಲೈ ಪೇಟೆಗೆ ಹೋದಳು. ಅಲ್ಲಿನ ಒಂದು ಸಂದಿಯಲ್ಲಿ ಈರುಳ್ಳಿ ಮೂಟೆಯ ಕೈಗಾಡಿ ಒಂದು ಕಡೆಯಿಂದ, ಬಾಳೆಗೊನೆಯ ಕೈಗಾಡಿ ಇನ್ನೊಂದು ಕಡೆಯಿಂದ ಬಂದು ಮುಖಕ್ಕೆ ಮುಖ ನಿಂತಿದ್ದವು. ಹಿಂದೆ ಹೋಗೋಣವೆಂದರೆ ಇಬ್ಬರ ಬೆನ್ನಿಗೂ ಆಟೋ, ಸ್ಕೂಟರು. ಅವಳು ಅಲ್ಲೇ ನಿಂತು ಗುಂಪಿಗೆ ರೆಕಾರ್ಡ್ ಮಾಡುತ್ತ ಕೂಗಿದಳು: “ಅಕ್ಕಾರ! ಸಿಕ್ತ್ರೀ! ಡೆಡ್‌ಲಾಕ್ ನನ್ನ ಮುಂದ ನಿಂತೈತ್ರಿ!” ಅವಳ ದನಿಯ ಹಿಂದೆ ಹಾರ್ನುಗಳು, ಬೈಗುಳಗಳು. ಕೇಳಿ ನಾನು ಆಫೀಸಿನಲ್ಲಿ ಒಬ್ಬಳೇ ನಕ್ಕಿದ್ದೆ.

ಆ ದನಿಯನ್ನು ಕೇಳಿಯೇ ಮಂಡ್ಯದ ಹುಡುಗ ಕಲಿತ. ಆಮೇಲೆ ಇಂಗ್ಲಿಷಿನಲ್ಲಿ ಹೇಗೆ ಬರೆಯುವುದೆಂದು ಎಲ್ಲರೂ ಕೂಡಿ ವಾಕ್ಯ ಜೋಡಿಸಿದೆವು. ಇಬ್ಬರ ತಲೆಯಲ್ಲೂ ಅದೇ ಕೂತಿತು. ಇದನ್ನು ಕಾಪಿ ಎನ್ನುವುದಾದರೆ ನಾವೆಲ್ಲ ಮಾತಾಡಲು ಕಲಿತದ್ದೂ ಕಾಪಿಯೇ.

“ಹೆದರಬೇಡ,” ಎಂದೆ ಹುಡುಗಿಗೆ. “ನಿನ್ನ ದನಿ ಗುಂಪಿನಲ್ಲಿ ಉಂಟು, ತಾರೀಕಿನ ಸಮೇತ ಉಂಟು, ಪರೀಕ್ಷೆಗಿಂತ ಎಷ್ಟೋ ಮೊದಲಿಂದು. ಅದನ್ನು ಅವರೆದುರು ಹಾಕಿದರೆ ಮುಗಿಯಿತು. ಮತ್ತೆಂತ ಸಾಕ್ಷಿ ಬೇಕು?”

“ನೀವ ಬರ್ರಿ ಅಕ್ಕಾರ. ಪಾಲಕರು ಬರಬೌದಂತ ಬರದಾರ್ರಿ.”

ರಜೆ ಹಾಕಿದೆ. ವಿಚಾರಣೆಯ ದಿನ ಬೆಳಗಿನ ರೈಲಿಗೆ ಎರ್ನಾಕುಳಂನಲ್ಲಿ ಮಂಡ್ಯದ ಹುಡುಗನೂ ಜೊತೆಗೆ ಹತ್ತಿದ. ಕಿಟಕಿಗೆ ಅಂಟಿ ಕೂತ. ಹೆದರಿದ್ದಾನೆ ಪಾಪ ಎಂದುಕೊಂಡು ಪಳಂಪೊರಿ ಕೊಡಿಸಿದೆ. ಆ ಬಾಳೆಹಣ್ಣಿನ ಬಜ್ಜಿ ಅವನ ಕೈಯಲ್ಲೇ ತಣ್ಣಗಾಯಿತು. ಕೊಲ್ಲಂ ದಾಟಿದ ಮೇಲೆ, ದನಿಗಳನ್ನೆಲ್ಲ ಸರದಿಯಲ್ಲಿ ತೆಗೆದಿಟ್ಟುಕೊಳ್ಳೋಣವೆಂದು ಗುಂಪು ತೆರೆದೆ.

ಖಾಲಿ. ಹಿಂದಿನ ಸಂಜೆಯವರೆಗೆ ಇದ್ದದ್ದು ಒಂದೂ ಇಲ್ಲ. ನೆಟ್‌ವರ್ಕ್ ಇಲ್ಲವೇನೋ ಎಂದು ಮುಚ್ಚಿ ತೆರೆದೆ. ಗುಂಪಿನ ಹೆಸರು ಇತ್ತು, ನಮ್ಮ ಮುಖಗಳಿದ್ದವು, ಮಾತು ಮಾತ್ರ ಒಂದೂ ಇರಲಿಲ್ಲ.

“ನಾನೇ ಅಳಿಸ್ದೆ ಅಕ್ಕ,” ಎಂದ ಹುಡುಗ, ಕಿಟಕಿಯ ಕಡೆಗೇ ಮುಖ ಮಾಡಿಕೊಂಡು.

“ಎಂತ?”

“ಹಾಸ್ಟೆಲಲ್ಲಿ ಸೀನಿಯರ್ ಒಬ್ಬ ಹೇಳ್ದ ಅಕ್ಕ, ಗ್ರೂಪ್ ಸಿಕ್ಕಿದ್ರೆ ಅದ್ರಲ್ಲಿರೋರ್ನೆಲ್ಲ ಹಿಡೀತಾರೆ, ನಿಮ್ ಅಕ್ಕನ ಕೆಲ್ಸಕ್ಕೂ ಕುತ್ತು ಬತ್ತದೆ ಅಂತ. ಭಯ ಆಗೋಯ್ತು. ರಾತ್ರಿಯೆಲ್ಲ ಕೂತ್ಕಂಡು ಎಲ್ಲಾ ಅಳಿಸ್ದೆ. ಎಲ್ಲರ ಫೋನಿಂದ್ಲೂ ಹೋಗ್ಲಿ ಅಂತ.”

“ನಿಂಗೆ ತಲೆ ಸಮ ಉಂಟಾ? ಅಲ್ಲ, ಉಂಟಾ ನಿಂಗೆ? ನಮ್ಮನ್ನು ಉಳಿಸ್ಲಿಕ್ಕೆ ಇದ್ದದ್ದೇ ಅದೊಂದು. ಅದನ್ನೇ ತೆಗೆದು ಸಮುದ್ರಕ್ಕೆ ಹಾಕಿದಿಯಲ್ಲ ಮಾರಾಯ! ನಿನ್ನನ್ನು ಅಡ್ಮಿನ್ ಮಾಡಿದ ನನ್ನ ಕೈಗೆ ಹಾವು ಕಚ್ಚಲಿ!”

ಇಡೀ ಬೋಗಿ ನಮ್ಮನ್ನು ನೋಡಿತು. ಕನ್ನಡ ಅಲ್ಲಿ ಯಾರಿಗೂ ಬರದಿದ್ದರೂ ಬೈಗುಳ ಎಂದು ತಿಳಿಯಲು ಭಾಷೆ ಬೇಡ. ಎದುರು ಸೀಟಿನ ಹೆಂಗಸು “ಎಂದಾ ಚೇಚಿ, ಪಾವಂ ಅಲ್ಲೇ” ಎಂದು ಹುಡುಗನ ಪರ ವಹಿಸಿದಳು. ಪಾಪವಂತೆ! ನಾನು ಅವಳತ್ತ ಒಂದು ನೋಟ ಎಸೆದೆ, ಮತ್ತೆ ಮಾತಾಡಲಿಲ್ಲ ಅವಳು. ಹುಡುಗ ಅಳುತ್ತಿದ್ದ. ನನಗೂ ಅಳು ಬರುತ್ತಿತ್ತು, ಆದರೆ ಅವನೆದುರು ಅತ್ತು ಅವನಿಗೆ ಸಮಾಧಾನ ಕೊಡಲು ನಾನು ತಯಾರಿರಲಿಲ್ಲ.

ವಿಚಾರಣೆ ಇದ್ದದ್ದು ತಿರುವನಂತಪುರದ ಅಂಚಿನ ಒಂದು ಕಾಲೇಜಿನಲ್ಲಿ. ಹುಡುಗಿ ಗೇಟಿನ ಹತ್ತಿರವೇ ಕಾಯುತ್ತಿದ್ದಳು, ಇಸ್ತ್ರಿ ಮಾಡಿದ ಚೂಡಿದಾರ, ಹಣೆಗೆ ವಿಭೂತಿ. ನಾನು ಸಾಕ್ಷಿ ಹೋದ ಸುದ್ದಿ ಹೇಳಿದೆ. ಅವಳು ಹುಡುಗನ ಮುಖ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ, ಬೈದಿದ್ದರೆ ಚೆನ್ನಾಗಿತ್ತು. “ಹೋಗ್ಲಿ ಬಿಡ್ರಿ” ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿದಳು.

ಒಳಗೆ ಮೂವರಿದ್ದರು. ನಡುವೆ ಅಧ್ಯಕ್ಷೆ, ಕಾಟನ್ ಸೀರೆಯ ಬಿಗಿಮುಖದ ಮೇಡಂ. ಅವರ ಪಕ್ಕದಲ್ಲಿ ಆ ಉತ್ತರಪತ್ರಿಕೆಗಳನ್ನು ತಿದ್ದಿ ಅನುಮಾನ ಎತ್ತಿದ್ದ ಮಾಸ್ತರರು. ಇನ್ನೊಬ್ಬ ಆಫೀಸಿನವನು, ಬರೆದುಕೊಳ್ಳುವುದಕ್ಕೆ. ನನ್ನನ್ನು ಯಾರು ನೀವು ಎಂದು ಕೇಳಿದರು. ಪಾಲಕಳು ಎಂದೆ. ಹಿಂದಿನ ಕುರ್ಚಿ ತೋರಿಸಿ, ಕೂರಬಹುದು, ಮಾತಾಡಬಾರದು ಎಂದರು. ನನಗೆ ಇದಕ್ಕಿಂತ ದೊಡ್ಡ ಶಿಕ್ಷೆ ಬೇರೆ ಇಲ್ಲ.

ಮಾಸ್ತರರು ಎರಡು ಉತ್ತರಪತ್ರಿಕೆಗಳನ್ನು ಅಕ್ಕಪಕ್ಕ ಇಟ್ಟರು. ಇಂಗ್ಲಿಷಿನಲ್ಲಿ ಹುಡುಗನನ್ನು ಕೇಳಿದರು: ನೀನು ಓದುವುದು ಕೊಚ್ಚಿಯಲ್ಲಿ, ಚಾಲೈ ನೋಡಿದ್ದೀಯಾ? ಇಲ್ಲ. ಮತ್ತೆ ಅಲ್ಲಿನ ಕೈಗಾಡಿ ನಿನ್ನ ಉತ್ತರಕ್ಕೆ ಹೇಗೆ ಬಂತು? ಇವಳು ಹೇಳಿಕೊಟ್ಟದ್ದು ಸರ್. ಯಾವಾಗ? ಪರೀಕ್ಷೆಗೆ ಮೊದಲು. ಎಲ್ಲಿದೆ ತೋರಿಸು.

ಟೆಲಿಗ್ರಾಂ ಗುಂಪಿನಲ್ಲಿ ದನಿ ಇತ್ತು ಸರ್, ಈಗ ಅಳಿಸಿಹೋಗಿದೆ ಎಂದ ಹುಡುಗ. ನಾನು ಕುರ್ಚಿಯ ಅಂಚು ಹಿಡಿದು ಕೂತಿದ್ದೆ. ಅಧ್ಯಕ್ಷೆ ಹುಡುಗಿಯ ಕಡೆ ತಿರುಗಿ, ಹಾಗಾದರೆ ನೀನೇ ಅದನ್ನು ಈಗ ವಿವರಿಸು ಎಂದರು. ಅವಳು ಇಂಗ್ಲಿಷಿನಲ್ಲಿ ಶುರು ಮಾಡಿದಳು. ಎರಡು ಮಾತಿಗೆ ನಿಂತಳು. ಮತ್ತೆ ಶುರು ಮಾಡಿದಳು, ಮತ್ತೆ ನಿಂತಳು. ಬರೆಯುವಾಗ ಬರುವ ಇಂಗ್ಲಿಷು ಅವಳಿಗೆ ಬಾಯಲ್ಲಿ ಬರುತ್ತಿರಲಿಲ್ಲ. ಆಫೀಸಿನವನು ಏನೋ ಬರೆದುಕೊಂಡ. ಅವನ ಕೈಯಿಂದ ಪೆನ್ನು ಕಿತ್ತುಕೊಳ್ಳಬೇಕು ಅನ್ನಿಸಿತು ನನಗೆ.

ತಡೆಯಲಾಗಲಿಲ್ಲ. ಎದ್ದು ನಿಂತೆ. “ಮೇಡಂ, ಅವಳು ಕನ್ನಡದಲ್ಲಿ ಹೇಳಲಿ. ನಾನು ನಿಮಗೆ ಹೇಳ್ತೇನೆ” ಎಂದು ಮಲಯಾಳದಲ್ಲಿ ಹೇಳಿದೆ.

“ನೀವು ಹೇಳಿದರೆ ಅದು ನಿಮ್ಮ ಉತ್ತರ ಆಗುತ್ತದೆ,” ಎಂದರು ಅಧ್ಯಕ್ಷೆ. ಮಾತು ಸರಿಯಾಗಿಯೇ ಇತ್ತು, ಅದಕ್ಕೇ ಇನ್ನಷ್ಟು ಉರಿಯಿತು.

ಆಗ ಹುಡುಗ ಬಾಯಿ ಬಿಟ್ಟ. ಹರಕು ಇಂಗ್ಲಿಷಿನಲ್ಲೇ ಹೇಳಿದ. ಸರ್, ನಾವು ಓದಿಲ್ಲದ ಯಾವುದಾದರೂ ಪಾಠ ಕೊಡಿ. ಇವಳಿಗೆ ಮಾತ್ರ ಕೊಡಿ, ನನಗೆ ತೋರಿಸಬೇಡಿ. ಇವಳು ಓದಿ ನನಗೆ ಕನ್ನಡದಲ್ಲಿ ಹೇಳಲಿ. ನಾನು ನಿಮಗೆ ಇಂಗ್ಲಿಷಿನಲ್ಲಿ ತಿರುಗಿ ಹೇಳುತ್ತೇನೆ. ನಾವು ಓದುವುದೇ ಹೀಗೆ.

ಮೂವರೂ ತಮ್ಮತಮ್ಮಲ್ಲಿ ಮಾತಾಡಿಕೊಂಡರು. ಇದೇನು ನಾಟಕವೇ ಎಂದ ಆಫೀಸಿನವನು. ನೋಡೋಣ ಎಂದರು ಮಾಸ್ತರರು. ಒಂದು ದಪ್ಪ ಪುಸ್ತಕ ತೆರೆದು ಮುಂದಿನ ಸೆಮಿಸ್ಟರಿನ ಪಾಠದ ಒಂದು ಪುಟವನ್ನು ಹುಡುಗಿಯ ಮುಂದೆ ಇಟ್ಟರು. ನನ್ನತ್ತ ನೋಡಿ ತುಟಿಗೆ ಬೆರಳಿಟ್ಟು ಎಚ್ಚರಿಸಿದರು. ಹುಡುಗನಿಗೆ ಬೆನ್ನು ಮಾಡಿ ಕೂರಲು ಹೇಳಿದರು.

ಅವಳು ಓದಿದಳು. ಮತ್ತೆ ಓದಿದಳು. ಪಾಠ ಯಾವುದೆಂದು ಅವರು ಹೇಳಿದ್ದು ನನ್ನ ಕಿವಿಗೂ ಬಿದ್ದಿತ್ತು. ಕಂಪ್ಯೂಟರಿನೊಳಗೆ ಜಾಗ ಸಾಲದೆ ಹೋದಾಗ ಅದು ಕೆಲಸ ಮಾಡುವುದನ್ನು ಬಿಟ್ಟು ಬರಿಯ ಸಾಮಾನು ಎತ್ತಿಡುವುದರಲ್ಲೇ ಹೊತ್ತು ಕಳೆಯುತ್ತದೆ, ಅದಕ್ಕೊಂದು ಹೆಸರಿದೆ. ಸುಲಭದ್ದಲ್ಲ. ಈ ಮಾಸ್ತರನಿಗೆ ಬೇರೆ ಪುಟ ಸಿಗಲಿಲ್ಲವೇ ಎಂದು ಮನಸ್ಸಿನಲ್ಲೇ ಶಪಿಸಿದೆ.

“ಕೇಳ್ಸ್ಕೊ,” ಎಂದಳು ಹುಡುಗನಿಗೆ. ದನಿ ನಡುಗುತ್ತಿತ್ತು. “ನಮ್ಮ ರೂಮಿನ್ಯಾಗ ಒಲಿ ಒಂದ ಐತಿ. ಅಡಗಿ ಮಾಡಾವ್ರು ಭಾಳ ಮಂದಿ. ನಾ ಬ್ಯಾಳಿ ಇಟ್ಟೆ. ಬಿಸಿ ಆಗೂದ್ರಾಗ ಇನ್ನೊಬ್ಬಾಕಿ ‘ನಂದೂ ಆಗ್ಬೇಕು’ ಅಂತ ಅದನ್ನ ಇಳಿಸಿ ತನ್ನ ಅನ್ನ ಇಟ್ಲು. ಅದು ಕುದಿಯೂದ್ರಾಗ ಮತ್ತೊಬ್ಬಾಕಿ ಹಾಲು ತಂದ್ಲು. ಇಳಿಸೂದು, ಏರಸೂದು. ಇಳಿಸೂದು, ಏರಸೂದು. ಕೈಗೆ ಬಿಡುವಿಲ್ಲ, ಯಾರ ಅಡಗೀನೂ ಆಗೂದಿಲ್ಲ.”

“ಹೂಂ,” ಎಂದ ಅವನು.

“ಕಂಪ್ಯೂಟರು ಇದನ್ನ ನೋಡತೈತಿ. ಏನೂ ಅಡಗಿ ಆಗವಲ್ದು, ಹಂಗಾರ ಇನ್ನೊಬ್ಬಾಕೀನ್ನ ಕರಿಯೂಣು ಅಂತೈತಿ. ಆಕಿ ಬಂದ್ರ ಕೆಲಸ ಲಗೂ ಆಗತೈತಿ.”

ತಪ್ಪು! ನಾನು ಕುರ್ಚಿಯಲ್ಲಿ ಎದ್ದೇ ಬಿಡುತ್ತಿದ್ದೆ. ಇನ್ನೊಬ್ಬಳನ್ನು ಕರೆಯುವುದೇ ಅಲ್ಲಿನ ರೋಗ, ಅವಳು ಅದನ್ನು ಮದ್ದು ಎನ್ನುತ್ತಿದ್ದಳು. ಇದೇ ಇಂಗ್ಲಿಷಿಗೆ ಹೋದರೆ ಇಬ್ಬರದೂ ಮುಗಿಯಿತು. ಮಾಸ್ತರರಿಗೆ ಕನ್ನಡ ತಿಳಿಯದು, ಅವರ ಕಣ್ಣು ನನ್ನ ಮೇಲೇ ಇತ್ತು. ಹಲ್ಲು ಕಚ್ಚಿ ನೆಲ ನೋಡಿದೆ.

“ಅಲ್ಲ ತಡಿ,” ಎಂದ ಹುಡುಗ, ಬೆನ್ನು ಮಾಡಿಕೊಂಡೇ. “ಇರೋವ್ರದ್ದೇ ಬೇಯ್ತಿಲ್ಲ, ಇನ್ನೊಬ್ಳು ಬಂದ್ರೆ ಬೇಯ್ತದಾ?”

ಅವಳು ಪುಟದ ಮೇಲೆ ಬೆರಳಾಡಿಸಿದಳು. ಅಧ್ಯಕ್ಷೆ ಗಡಿಯಾರ ನೋಡಿದರು.

“ಇಲ್ಲ,” ಎಂದಳು. ದನಿಯಲ್ಲಿ ನಡುಕ ಹೋಗಿತ್ತು. “ಇಲ್ಲ, ನಾ ತಪ್ಪು ಹೇಳ್ದೆ. ಕರದ್ರ ಇನ್ನೂ ಕೆಡತೈತಿ. ಕಂಪ್ಯೂಟರ್ ಮಾಡೂ ದಡ್ಡತನಾನ ಅದು. ಒಬ್ಬಾಕೀನ್ನ ಹೊರಗ ಕುಂದರಸ್ಬೇಕು. ಉಳದಾವ್ರದು ಕುದ್ದು ಇಳದ ಮ್ಯಾಲ ಆಕೀನ್ನ ಒಳಗ ಕರೀಬೇಕು. ತಿಳೀತೇನು?”

“ತಿಳೀತು.”

ಅವನು ತಿರುಗಿ ಕೂತು ಇಂಗ್ಲಿಷಿನಲ್ಲಿ ಹೇಳಿದ. ವ್ಯಾಕರಣ ಕುಂಟುತ್ತಿತ್ತು. ಆದರೆ ಒಲೆ ಬಂತು, ಬೇಳೆ ಬಂತು, ಹಾಲು ಬಂತು, ಒಬ್ಬಳನ್ನು ಹೊರಗೆ ಕೂರಿಸುವುದೂ ಬಂತು. ಅವನ ಬಾಯಲ್ಲಿ ಬಂದದ್ದು ಅವಳ ಮಾತು, ಅವಳ ಸರದಿಯಲ್ಲೇ. ಮಾಸ್ತರರು ಅವನನ್ನು ಕೇಳಿದರು: ಯಾರ ಕೋಣೆಯ ಒಲೆ ಇದು, ನೀನು ನೋಡಿದ್ದೀಯಾ? “ಇಲ್ಲ ಸರ್, ಅವಳದು.” ಮಾಸ್ತರರು ಅಧ್ಯಕ್ಷೆಯತ್ತ ಬಾಗಿ ಮಲಯಾಳದಲ್ಲಿ, ಇದು ಕಾಪಿ ಅಲ್ಲ, ಇವರು ಪಾಠವನ್ನು ಸರಿಯಾಗಿಯೇ ತಿಳಿದುಕೊಂಡಿದ್ದಾರೆ ಎಂದರು. ನನಗೆ ಅವರ ಕಾಲಿಗೆ ಬೀಳುವಷ್ಟು ಸಂತೋಷವಾಯಿತು.

ಅಧ್ಯಕ್ಷೆ ಮಾತ್ರ ಬಿಡಲಿಲ್ಲ. “ಆ ಹಳೆಯ ದನಿಗಳೆಲ್ಲ ಏನಾದವು? ಯಾರು ಅಳಿಸಿದ್ದು?”

“ನಾನು,” ಎಂದ ಹುಡುಗ ತಕ್ಷಣ. “ಇವಳಿಗೆ ಗೊತ್ತಿರಲಿಲ್ಲ. ಅಕ್ಕನಿಗೂ ಗೊತ್ತಿರಲಿಲ್ಲ.”

ಆಫೀಸಿನವನು ಅದನ್ನೂ ಬರೆದುಕೊಂಡ.

ಹೊರಡುವಾಗ ಅಧ್ಯಕ್ಷೆ ಹುಡುಗಿಯನ್ನು ಹತ್ತಿರ ಕರೆದರು. ಈಗ ಅವರ ಮುಖ ಮೆತ್ತಗಾಗಿತ್ತು. “ಮೋಳೇ, ಇನ್ನು ಮುಂದೆ ಪುಸ್ತಕದಲ್ಲಿ ಇದ್ದ ಹಾಗೆಯೇ ಬರೆ. ಆಗ ಯಾರಿಗೂ ಅನುಮಾನ ಬರುವುದಿಲ್ಲ.” ಮಗಳೇ ಎಂದು ಕರೆದು ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಹುಡುಗಿ ತಲೆಯಾಡಿಸಿದಳು.

ತೀರ್ಮಾನ ಬರಲು ಕೆಲವು ವಾರ ಹಿಡಿಯಿತು. ಹುಡುಗಿ ಪಾರಾದಳು. ಕಾಪಿಯ ಆರೋಪ ಹುಡುಗನ ಮೇಲೂ ನಿಲ್ಲಲಿಲ್ಲ, ಆದರೆ ವಿಚಾರಣೆಯ ಹೊತ್ತಿನಲ್ಲಿ ಸಾಕ್ಷಿ ಅಳಿಸಿದ್ದಕ್ಕೆ ಆ ಪೇಪರು ರದ್ದಾಯಿತು, ಮತ್ತೆ ಬರೆಯಬೇಕು. ಅವನು ಫೋನ್ ಮಾಡಿ, “ಹೋಗ್ಲಿ ಅಕ್ಕ, ಮಾಡಿದ್ದುಣ್ಬೇಕಲ್ಲ” ಎಂದು ನಕ್ಕ. ಆ ನಗು ಕೇಳಿ ರೈಲಿನಲ್ಲಿ ಬೈದದ್ದೆಲ್ಲ ನೆನಪಾಗಿ ಬೇಜಾರಾಯಿತು. ಗುಂಪು ಮತ್ತೆ ಶುರು ಮಾಡಿದೆವು. ಅವನೇ ಮೊದಲು ಪ್ರಶ್ನೆ ಕೇಳಿದ. ಹಳಬರು ಬಂದರು, ಹೊಸಬರು ಬಂದರು. ಗದಗದ ಹುಡುಗಿಯೂ ಸೇರಿದ್ದಳು, ಎಲ್ಲವನ್ನೂ ಕೇಳಿಸಿಕೊಳ್ಳುತ್ತಿದ್ದಳು, ಒಂದು ಪ್ರಶ್ನೆಯನ್ನೂ ಕೇಳುತ್ತಿರಲಿಲ್ಲ. ಓದಿನ ಒತ್ತಡ ಇರಬೇಕು ಎಂದುಕೊಂಡೆ. ಫೋನ್ ಮಾಡಿದರೆ “ಅರಾಮ ಅದೀನ್ರಿ” ಎನ್ನುತ್ತಿದ್ದಳು.

ಮುಂದಿನ ಸೆಮಿಸ್ಟರಿನ ಫಲಿತಾಂಶ ಬಂದ ದಿನ ಅವಳೇ ಫೋನ್ ಮಾಡಿದಳು.

“ಛಲೋ ಮಾರ್ಕ್ಸ್ ಬಂದಾವ್ರಿ ಅಕ್ಕಾರ. ಇಷ್ಟು ಯಾವತ್ತೂ ಬಂದಿದ್ದಿಲ್ಲ. ಮಾವ ಬಂದರದಾಗ ಎಲ್ಲಾರಿಗೂ ಲಾಡು ಹಂಚ್ಯಾರ್ರಿ.”

“ಭೇಷ್ ಮಾರಾಯ್ತಿ!” ಎಂದು ನಾನು ಆಫೀಸಿನಲ್ಲೇ ಕೂಗಿದೆ. “ಎಂತ ಎಂತ ಬರೆದೆ, ಹೇಳು. ಒಲೆಯ ಪ್ರಶ್ನೆ ಬಂದಿತ್ತಾ?”

“ಬಂದಿತ್ರಿ. ಬುಕ್ಕಿನ್ಯಾಗ ಹೆಂಗಿತ್ತೋ ಹಂಗ ಬರದೆ. ಎಲ್ಲಾನೂ ಹಂಗ ಬರದೀನ್ರಿ. ಪುಟ ಪುಟಾನ ಬಾಯಿಪಾಠ ಮಾಡೀನಿ. ಯಾರೂ ಏನೂ ಕೇಳ್ಲಿಲ್ಲ.”

“ಒಲೆಯದ್ದು ನಿಂಗೆ ಗೊತ್ತಿತ್ತು, ಬಿಡು. ಬಾಕಿದ್ದು ಅರ್ಥ ಆಯ್ತಾ?”



“ಇಲ್ರಿ,” ಎಂದಳು. “ಅರ್ಥ ಆದ್ರ ನನ್ನ ಮಾತು ಬರ್ತಾವ್ರಿ ಅಕ್ಕಾರ. ಅದಕ್ಕ ಅರ್ಥ ಮಾಡ್ಕೊಳ್ಳಾಕ ಹೋಗ್ಲಿಲ್ಲ.”